ಕಾಲಡಿಯ ಸ್ವಿಚ್‌ಗೆ ಹಾಡನ್ನು ಒಪ್ಪಿಸಬೇಡಿ

ಗಿಟಾರ್ ಪೆಡಲ್ ಕೊಳ್ಳೋಕೆ ಹೊರಟವರ ಮೊದಲ ಪ್ರಶ್ನೆ ಯಾವಾಗಲೂ ಒಂದೇ: ‘ಇದು ಟ್ರೂ ಬೈಪಾಸ್ ತಾನೇ?’ ಹೌದು ಅಂದ್ರೆ ಮುಖ ಅರಳುತ್ತೆ. ಇಲ್ಲ ಅಂದ್ರೆ ಮುಖ ಸಿಂಡರಿಸುತ್ತೆ. ಅಡುಗೆಮನೆಯಿಂದ ಓಡಿಸಿದ ಮಡಿ-ಮೈಲಿಗೆಯನ್ನು ನಾವು ಪೆಡಲ್‌ಬೋರ್ಡ್ ಮೇಲೆ ತಂದು ಕೂರಿಸಿದ್ದೀವಿ.

ಟ್ರೂ ಬೈಪಾಸ್ ಅಂದ್ರೆ, ಪೆಡಲ್ ಆಫ್ ಇದ್ದಾಗ ಗಿಟಾರಿನ ಸಿಗ್ನಲ್ ಒಳಗಿನ ಸರ್ಕ್ಯೂಟನ್ನು ಮುಟ್ಟದೆ ನೇರವಾಗಿ ಆಚೆ ಹೋಗೋದು. ಕೇಳೋಕೆ ಚೆನ್ನಾಗಿದೆ. ಇದಕ್ಕೆ ಸಾಮಾನ್ಯವಾಗಿ ಬಳಸೋದು ತ್ರೀಪಿಡಿಟಿ ಅನ್ನೋ 9 ಕಾಲಿನ ಮೆಕ್ಯಾನಿಕಲ್ ಸ್ವಿಚ್. ಅದನ್ನು ನಾವು ಶೂ ಹಾಕಿಕೊಂಡು ಕುಟ್ತೀವಿ. ನನ್ನ ತಕರಾರು ಇಷ್ಟೇ: ಏಟು ತಿನ್ನೋ ಭಾಗದೊಳಗೇ ಸಂಗೀತ ಯಾಕೆ ಹರೀಬೇಕು?

ವಾರವೆಲ್ಲ ಆಫೀಸು, ಭಾನುವಾರ ಸ್ನೇಹಿತರ ಪೆಡಲ್ ರಿಪೇರಿ, ಇದು ನನ್ನ ಬದುಕು. ನನ್ನ ಟೇಬಲ್ಲಿಗೆ ಬರೋ ಪೆಡಲ್‌ಗಳಲ್ಲಿ ಸರ್ಕ್ಯೂಟ್ ಸತ್ತಿರೋದು ಅಪರೂಪ. ಕೆಟ್ಟಿರೋದು ಜ್ಯಾಕು, ಇಲ್ಲಾ ಸ್ವಿಚ್ಚು. ಒಳಗಿನ ಕಾಂಟ್ಯಾಕ್ಟ್ ಸವೆದಿರುತ್ತೆ, ಧೂಳು ಕೂತಿರುತ್ತೆ. ಮನೇಲಿ ಸರಿಯಾಗಿದ್ದದ್ದು ಸ್ಟೇಜ್ ಮೇಲೆ, ಸರಿಯಾಗಿ ಸೋಲೋ ಹೊತ್ತಿಗೆ, ಕೈ ಕೊಡುತ್ತೆ. ಬದಲಾಯಿಸೋಣ ಅಂದ್ರೆ 9 ಬೆಸುಗೆ ಬಿಚ್ಚಬೇಕು. ಸಾಲ್ಡರಿಂಗ್ ಐರನ್ ಸ್ವಲ್ಪ ಜಾಸ್ತಿ ಹೊತ್ತು ಇಟ್ರೆ ಹೊಸ ಸ್ವಿಚ್ಚಿನ ಪ್ಲಾಸ್ಟಿಕ್ಕೂ ಕರಗಿ ಹೋಗುತ್ತೆ.

ಎಲೆಕ್ಟ್ರಾನಿಕ್ ಸ್ವಿಚಿಂಗ್‌ನಲ್ಲಿ ಕಾಲಡಿಯ ಬಟನ್ ಬರೀ ಅಪ್ಪಣೆ ಕೊಡುತ್ತೆ. ದಾರಿ ಬದಲಿಸೋದು ಜೆಫೆಟ್ ಟ್ರಾನ್ಸಿಸ್ಟರ್‌ಗಳು, ಇಲ್ಲವೇ ಸಿಡಿ4053 ಥರದ ಚಿಪ್. 16 ಕಾಲಿನ ಆ ಒಂದು ಚಿಪ್‌ನಲ್ಲಿ 3 ಸ್ವಿಚ್‌ಗಳಿವೆ, ಅಲುಗಾಡುವ ಭಾಗ ಒಂದೂ ಇಲ್ಲ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಒಂದು ಮಸಾಲೆ ದೋಸೆಯ ದುಡ್ಡಿಗಿಂತ ಕಡಿಮೆಗೆ ಸಿಗುತ್ತೆ. ಸಾಕೆಟ್‌ನಲ್ಲಿ ಕೂರಿಸಿದ್ರೆ, ಕೆಟ್ಟಾಗ ಕಿತ್ತು ಇನ್ನೊಂದು ಹಾಕಿದರಾಯ್ತು. ಬಟನ್ ಕೆಟ್ಟರೆ ಎರಡೇ ಬೆಸುಗೆ.

‘ಟೋನ್ ಹಾಳಾಗಲ್ವಾ?’ ಲೆಕ್ಕ ನೋಡಿ. ಆನ್ ಆದ ಚಿಪ್‌ನ ರೆಸಿಸ್ಟೆನ್ಸ್ ಕೆಲವು ನೂರು ಓಂ. ಮುಂದಿನ ಪೆಡಲ್‌ನ ಇನ್‌ಪುಟ್ ಸಾಮಾನ್ಯವಾಗಿ 5ರಿಂದ 10 ಲಕ್ಷ ಓಂ. ಈ ವ್ಯತ್ಯಾಸವನ್ನು ಹಿಡಿಯೋ ಕಿವಿ ಯಾರಿಗೂ ಇಲ್ಲ. 1977ರಿಂದ ಬರ್ತಿರೋ ಬಾಸ್ ಕಂಪನಿಯ ಪುಟ್ಟ ಪೆಡಲ್‌ಗಳಲ್ಲಿ ಬಹುಪಾಲು ಎಲೆಕ್ಟ್ರಾನಿಕ್ ಸ್ವಿಚಿಂಗ್‌ನವೇ. ಐಬನೇಜ್ ಟ್ಯೂಬ್ ಸ್ಕ್ರೀಮರ್ ಕೂಡ ಹಾಗೇ. ಸ್ಟೀವಿ ರೇ ವಾನ್ ಟೋನ್ ಬೇಕು ಅಂತ ಪರದಾಡೋರೇ ಟ್ರೂ ಬೈಪಾಸ್ ಜಪ ಮಾಡ್ತಾರೆ. ಆತ ತುಳಿಯುತ್ತಿದ್ದದ್ದು ಅದೇ ಟ್ಯೂಬ್ ಸ್ಕ್ರೀಮರ್!

ನಿಜವಾದ ಕಳ್ಳ ಕೇಬಲ್. ಗಿಟಾರ್ ಕೇಬಲ್‌ಗೆ ಮೀಟರಿಗೆ ಸುಮಾರು 100 ಪಿಕೋಫ್ಯಾರಡ್ ಕೆಪ್ಯಾಸಿಟೆನ್ಸ್ ಇರುತ್ತೆ. ಸಾಲಾಗಿ ಟ್ರೂ ಬೈಪಾಸ್ ಪೆಡಲ್‌ಗಳು, ಹಿಂದೆ ಮುಂದೆ 6 ಮೀಟರ್ ಕೇಬಲ್. ಎಲ್ಲ ಆಫ್ ಮಾಡಿದಾಗ ಅಷ್ಟನ್ನೂ ಗಿಟಾರಿನ ಪಿಕಪ್ ಒಂದೇ ಎಳೀಬೇಕು. ಸ್ವರದ ಹೊಳಪು ಅಲ್ಲೇ ಸೋರುತ್ತೆ. ಸಾಲಿನಲ್ಲಿ ಒಂದು ಒಳ್ಳೆ ಬಫರ್ ಇದ್ದರೆ ಸೋರಲ್ಲ. ಪಿಂಕ್ ಫ್ಲಾಯ್ಡ್‌ನ ಡೇವಿಡ್ ಗಿಲ್ಮೋರ್‌ಗೆ ಪೆಡಲ್‌ಬೋರ್ಡ್ ಕಟ್ಟಿಕೊಟ್ಟ ಪೀಟ್ ಕಾರ್ನಿಶ್ ಕೂಡ ಟ್ರೂ ಬೈಪಾಸ್ ವಿರೋಧಿಯೇ.

ಎದುರಾಳಿಗಳ ಮಾತಲ್ಲೂ ಹುರುಳಿದೆ, ಒಪ್ಪೋಣ. ಚಿಪ್‌ಗೆ ಕರೆಂಟ್ ಬೇಕು. ಅಡಾಪ್ಟರ್ ಸತ್ತರೆ ಸದ್ದೂ ಸತ್ತಿತು. ಆ ಭಯ ಇದ್ದೋರಿಗೆ ರಿಲೇ ಇದೆ: ಸಾದಾ ರಿಲೇ ಕರೆಂಟ್ ಹೋದ ತಕ್ಷಣ ತಾನಾಗೇ ಬೈಪಾಸ್‌ಗೆ ಮರಳುತ್ತೆ, ಅದರ ಕಾಂಟ್ಯಾಕ್ಟ್ ಮೇಲೆ ನಿಮ್ಮ ಶೂ ಬೀಳಲ್ಲ. ಫಝ್ ಫೇಸ್ ಥರದ ಹಳೇ ಫಝ್‌ಗಳಿಗೆ ಗಿಟಾರ್ ನೇರವಾಗೇ ಸಿಗಬೇಕು. ಅವುಗಳ ಮುಂದೆ ಬಫರ್ ಇಡಬೇಡಿ. ಇನ್ನು, ಕೆಟ್ಟ ಡಿಸೈನಿನ ಚಿಪ್ ಸ್ವಿಚ್ ‘ಟಪ್’ ಅನ್ನುತ್ತೆ. ಸಿಗ್ನಲನ್ನು 9 ವೋಲ್ಟಿನ ಮಧ್ಯಕ್ಕೆ, ಅಂದ್ರೆ 4.5ಕ್ಕೆ, ಕೂರಿಸೋದನ್ನು ಕಲಿತರೆ ಬಹುಪಾಲು ಆ ಸದ್ದೂ ಹೋಗುತ್ತೆ. ಅದು ಎಂಜಿನಿಯರಿಂಗ್. ಡಬ್ಬಿ ಮೇಲೆ ‘ಟ್ರೂ ಬೈಪಾಸ್’ ಅಂತ ಅಚ್ಚು ಹಾಕೋದು ಬರೀ ಮಾರ್ಕೆಟಿಂಗ್.

ನಾವು ಕೇಳ್ತೀವಿ ಅಂತಲೇ ಅವರು ಅಚ್ಚು ಹಾಕೋದು. ಸಂಬಳದಲ್ಲಿ ಉಳಿಸಿ ಕೊಳ್ಳೋ ಪೆಡಲ್ ಅದು. ಮುಂದಿನ ಸಲ ಅಂಗಡೀಲಿ ಬೇರೆ ಪ್ರಶ್ನೆ ಕೇಳಿ: ‘ಈ ಸ್ವಿಚ್ ಕೆಟ್ಟರೆ ನಾನೇ ಸರಿ ಮಾಡ್ಕೋಬಹುದಾ?’