ಹಿಂದೆ ನಿಂತವನ ಲೆಕ್ಕ

ಶಾಲೆಯ ಮೈದಾನದಲ್ಲಿ ಕಾಲ್ಚೆಂಡಿನ ತಂಡ ಕಟ್ಟುವ ಕ್ರಮವನ್ನು ಈ ಸಂಚಿಕೆಯ ಓದುಗರಿಗೆ ನಾನು ವಿವರಿಸಬೇಕಾಗಿಲ್ಲ. ಚೆಂಡನ್ನು ಚೆನ್ನಾಗಿ ಒದೆಯಬಲ್ಲವರು ಮುಂದಕ್ಕೆ, ದಣಿಯದೆ ಓಡಬಲ್ಲವರು ನಡುವಿಗೆ, ಎರಡೂ ಬಾರದವರು ಹಿಂದಕ್ಕೆ. ಮಳೆಗಾಲದ ಕೆಸರಿನಲ್ಲಿ, ಪಾದ ಮುಳುಗುವ ನೀರಿನಲ್ಲಿ, ನಾಲ್ಕು ವರ್ಷಗಳ ಕಾಲ ನಮ್ಮ ಶಾಲೆಯ ತಂಡಕ್ಕೆ 'ಬ್ಯಾಕ್' ಆಗಿ ನಿಂತವನು ನಾನು. ಆ ಸ್ಥಾನ ನನಗೆ ದೊರೆತದ್ದು ಯೋಗ್ಯತೆಯಿಂದಲ್ಲ, ಅದರ ಅಭಾವದಿಂದ ಎಂಬುದನ್ನು ನನ್ನ ಸಹಪಾಠಿಗಳು ಇಂದಿಗೂ ನೆನಪಿಸುತ್ತಿರುತ್ತಾರೆ.

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಕ್ರೀಡೆಯ ಕುರಿತು ಏನಾದರೂ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಒತ್ತಾಯಿಸಿದಾಗ, ಒಂದು ಸಂಜೆ ಶಾಲೆಗೆ ಹೋಗಿ ಪಾರಿತೋಷಕಗಳ ಬೀರುವನ್ನು ನೋಡಿ ಬಂದೆ. ಹೆಚ್ಚು ಗೋಲು ಹೊಡೆದವನಿಗೆಂದು ಕೊಟ್ಟ ಬಟ್ಟಲುಗಳ ಮಾಹಿತಿ ವರ್ಷವಾರಾಗಿ ಅಲ್ಲಿದೆ. ಗೋಲು ಆಗದಂತೆ ನೋಡಿಕೊಂಡವನ ಹೆಸರು ಎಲ್ಲಿಯೂ ಇಲ್ಲ. ಐವತ್ತು ವರ್ಷಗಳಲ್ಲಿ ಅಂಥ ಒಬ್ಬ ಹುಡುಗನೂ ನಮ್ಮಲ್ಲಿ ಇರಲಿಲ್ಲವೆ? ಇದ್ದಿರಲೇಬೇಕು. ಅವನನ್ನು ಎಣಿಸುವ ವಿದ್ಯೆ ನಮಗೆ ತಿಳಿದಿರಲಿಲ್ಲ ಎಂಬುದೇ ನನ್ನ ವಾದ. ಆ ವಾದಕ್ಕೆ ಆಧಾರವಾಗಿ ದೂರದ ಇಟಲಿಯ ಒಬ್ಬ ಆಟಗಾರನನ್ನು ತರುತ್ತಿದ್ದೇನೆ. ಅದಕ್ಕೆ ಕಾರಣ, ಒಮ್ಮೆ ಅವನ ಸೋಲನ್ನು ಕಂಡು ನಾನೂ ಚಪ್ಪಾಳೆ ತಟ್ಟಿದ್ದೆ.

1994ರ ಜುಲೈ 17ರಂದು ಅಮೆರಿಕದ ಪಸಡೀನಾದಲ್ಲಿ ವಿಶ್ವಕಪ್‌ನ ಅಂತಿಮ ಪಂದ್ಯ ನಡೆಯಿತು. ನಮಗೆ ಆಗ ನಡುರಾತ್ರಿ ಕಳೆದು ಒಂದು ಗಂಟೆ. ಹೊರಗೆ ಆಟಿ ತಿಂಗಳ ಮಳೆ. ನೆರೆಮನೆಯ ಚಾವಡಿಯಲ್ಲಿ ಇಪ್ಪತ್ತು ಮೂವತ್ತು ಮಂದಿ ಒಂದೇ ಟಿ.ವಿ.ಯ ಮುಂದೆ ಕುಳಿತಿದ್ದೆವು. ಕಾಸರಗೋಡಿನಲ್ಲಿ ಬ್ರೆಜಿಲ್‌ನ ಪಕ್ಷ ವಹಿಸದವರು ಬಹುಶಃ ಅರ್ಜೆಂಟೀನಾದವರು ಮಾತ್ರ. ಇಟಲಿಗೆ ಆ ಚಾವಡಿಯಲ್ಲಿ ಒಬ್ಬ ಬಂಧುವೂ ಇರಲಿಲ್ಲ. ನೂರಿಪ್ಪತ್ತು ನಿಮಿಷಗಳ ಆಟದಲ್ಲಿ ಯಾರೂ ಗೋಲು ಹೊಡೆಯಲಿಲ್ಲ. ವಿಶ್ವಕಪ್‌ನ ಅಂತಿಮ ಪಂದ್ಯವೊಂದು ಪೆನಾಲ್ಟಿ ಒದೆತಗಳಿಂದ ನಿರ್ಣಯವಾಗಬೇಕಾದ ಪ್ರಸಂಗ ಅದುವೇ ಮೊದಲು. ಇಟಲಿಯ ಪರವಾಗಿ ಮೊದಲು ಒದೆಯಲು ಬಂದವನು ಆರನೆಯ ಸಂಖ್ಯೆಯ ಅಂಗಿ ತೊಟ್ಟ, ಅಷ್ಟೇನೂ ಎತ್ತರವಲ್ಲದ, ವಯಸ್ಸಾದಂತೆ ಕಾಣುವ ನಾಯಕ ಫ್ರಾಂಕೊ ಬರೇಸಿ. ಚೆಂಡು ಗೋಲುಕಂಬದ ಮೇಲಿನಿಂದ ಹಾರಿಹೋಯಿತು. ಅವನು ನೆಲಕ್ಕೆ ಕುಸಿದ. ನಾವು ಕೇಕೆ ಹಾಕಿದೆವು. ಕೊನೆಯಲ್ಲಿ ರಾಬರ್ಟೊ ಬಾಜಿಯೊ ಒದೆದ ಚೆಂಡೂ ಮೇಲಕ್ಕೆ ಹಾರಿ ಬ್ರೆಜಿಲ್ 3-2ರಿಂದ ಗೆದ್ದಾಗ, ಮಳೆಯನ್ನೂ ಲೆಕ್ಕಿಸದೆ ಪಟಾಕಿ ಹೊಡೆದ ಊರು ನಮ್ಮದು.

ಆ ರಾತ್ರಿ ನಾವು ಕಂಡದ್ದೇನು, ಕಾಣದೆ ಹೋದದ್ದೇನು ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಅದೇ ಪಂದ್ಯಾವಳಿಯ ಜೂನ್ 23ರಂದು ನಾರ್ವೆಯ ಎದುರಿನ ಆಟದಲ್ಲಿ ಬರೇಸಿಯ ಮೊಣಕಾಲಿನ ಮೃದ್ವಸ್ಥಿಗೆ ಪೆಟ್ಟಾಗಿತ್ತು. ಶಸ್ತ್ರಚಿಕಿತ್ಸೆಯೂ ಆಯಿತು. ಮೂವತ್ತನಾಲ್ಕು ವರ್ಷದ ಆಟಗಾರನೊಬ್ಬನಿಗೆ ಇಂಥ ಪೆಟ್ಟಾದರೆ ಪಂದ್ಯಾವಳಿ ಮುಗಿಯಿತೆಂದೇ ಎಲ್ಲರೂ ತಿಳಿಯುತ್ತಾರೆ. ಅವನು ಇಪ್ಪತ್ತನಾಲ್ಕನೆಯ ದಿನ ಅಂತಿಮ ಪಂದ್ಯಕ್ಕೆ ಇಳಿದ. ಎಡಬಲದಲ್ಲಿ ಜತೆಯಾಗಬೇಕಿದ್ದ ಕೊಸ್ತಕೂರ್ತ ಮತ್ತು ತಸೋಟಿ ಇಬ್ಬರೂ ಅಮಾನತಿನಲ್ಲಿದ್ದರು. ಎದುರಿಗೆ ರೊಮಾರಿಯೊ ಮತ್ತು ಬೆಬೆಟೊ. ಆ ವರ್ಷ ಜಗತ್ತಿನಲ್ಲಿ ಅವರಿಗಿಂತ ಅಪಾಯಕಾರಿಯಾದ ಜೋಡಿ ಇರಲಿಲ್ಲ. ನಡುಹಗಲಿನ ಉರಿಬಿಸಿಲಿನಲ್ಲಿ, ಹೊಲಿಗೆ ಹಾಕಿದ ಮೊಣಕಾಲಿನಲ್ಲಿ, ನೂರಿಪ್ಪತ್ತು ನಿಮಿಷ ಅವರಿಬ್ಬರಿಗೂ ಒಂದು ಗೋಲನ್ನೂ ಅವನು ಬಿಟ್ಟುಕೊಡಲಿಲ್ಲ. ಕೊನೆಗೆ ಸ್ನಾಯು ಹಿಡಿದುಕೊಂಡ ಕಾಲಿನಲ್ಲೇ ಪೆನಾಲ್ಟಿಗೂ ಮೊದಲಿಗನಾಗಿ ಬಂದ. ಎರಡು ಗಂಟೆಗಳ ಆ ಕೆಲಸದಲ್ಲಿ ನಮ್ಮ ನೆನಪಿಗೆ ಉಳಿದದ್ದು ಒಂದು ಒದೆತ. ಅದೂ, ತಮಾಷೆಯೆಂದರೆ, ರಕ್ಷಣೆಯ ಆಟಗಾರನ ಕೆಲಸವೇ ಅಲ್ಲದ ಒದೆತ.

ಈ ಮನುಷ್ಯನ ಪೂರ್ವವೃತ್ತಾಂತವನ್ನು ಸ್ವಲ್ಪ ಹೇಳಬೇಕು. ಬರೇಸಿ ಹುಟ್ಟಿದ್ದು 1960ರ ಮೇ 8ರಂದು, ಉತ್ತರ ಇಟಲಿಯ ಬ್ರೆಷಾ ನಗರದ ಬಳಿಯ ಟ್ರಾವಲ್ಯಾಟೊ ಎಂಬ ಊರಿನಲ್ಲಿ. ಹದಿಹರೆಯ ಕಳೆಯುವ ಮೊದಲೇ ತಾಯಿಯನ್ನೂ ತಂದೆಯನ್ನೂ ಕಳೆದುಕೊಂಡ. ಮಿಲಾನ್ ನಗರದ ಎರಡು ಹೆಸರಾಂತ ಕ್ಲಬ್ಬುಗಳಲ್ಲಿ ಇಂಟರ್ ಅವನ ಅಣ್ಣ ಜುಸೆಪೆಯನ್ನು ಆರಿಸಿಕೊಂಡಿತು. ತಮ್ಮನನ್ನು ಸಣ್ಣ ಮೈಕಟ್ಟಿನವನೆಂದು ಬೇಡವೆಂದಿತು. ಅವನು ಎದುರಾಳಿ ಕ್ಲಬ್ಬಾದ ಎ.ಸಿ. ಮಿಲಾನ್‌ಗೆ ಸೇರಿದ. 1978ರ ಏಪ್ರಿಲ್‌ನಲ್ಲಿ, ಹದಿನೆಂಟು ತುಂಬುವ ಮೊದಲೇ, ಹಿರಿಯರ ತಂಡದಲ್ಲಿ ಆಡಿದ. ಮರುವರ್ಷವೇ ತಂಡ ಇಟಲಿಯ ಚಾಂಪಿಯನ್ ಆಯಿತು. ಇಲ್ಲಿಗೆ ಕಥೆ ಸುಖವಾಗಿಯೇ ಇದೆ.

1980ರಲ್ಲಿ ಇಟಲಿಯ ಕಾಲ್ಚೆಂಡಿನಲ್ಲಿ ಜೂಜಿನ ಹಗರಣ ಬಯಲಾಯಿತು. ಪಂದ್ಯಗಳನ್ನು ಮಾರಿಕೊಂಡ ಆರೋಪದಲ್ಲಿ ಮಿಲಾನ್ ಕ್ಲಬ್ಬನ್ನು ಎರಡನೆಯ ದರ್ಜೆಗೆ ಇಳಿಸಲಾಯಿತು. ಒಂದು ವರ್ಷದಲ್ಲಿ ಮೇಲೇರಿ ಬಂದ ತಂಡ, 1982ರಲ್ಲಿ ಆಟದ ಬಲವಿಲ್ಲದೆಯೇ ಮತ್ತೆ ಕೆಳಗಿಳಿಯಿತು. ಅದೇ ಬೇಸಗೆಯಲ್ಲಿ ಇಟಲಿ ವಿಶ್ವಕಪ್ ಗೆದ್ದಿತು. ಒಂದು ಪಂದ್ಯವನ್ನೂ ಆಡದಿದ್ದರೂ ಬರೇಸಿ ಆ ತಂಡದ ಸದಸ್ಯನಾಗಿದ್ದ. ವಿಶ್ವವಿಜೇತ ತಂಡದ ಇಪ್ಪತ್ತೆರಡು ವರ್ಷದ ಹುಡುಗ, ಮುಂದೆ ಎರಡನೆಯ ದರ್ಜೆಯ ಸಣ್ಣಪುಟ್ಟ ಊರುಗಳ ಮೈದಾನಗಳಲ್ಲಿ ಆಡಬೇಕು. ಬಿಟ್ಟುಹೋಗಿದ್ದರೆ ಯಾರೂ ದೂರುತ್ತಿರಲಿಲ್ಲ. ಅವನು ಉಳಿದ. ಕ್ಲಬ್ಬು ಅವನನ್ನು ನಾಯಕನನ್ನಾಗಿ ಮಾಡಿತು. ಅನಂತರದ ಹದಿನೈದು ವರ್ಷ ಆ ಪಟ್ಟಿ ಅವನ ತೋಳಿನಲ್ಲಿಯೇ ಇತ್ತು.

ಇಲ್ಲಿ ನನಗೆ ನಮ್ಮ ಶಾಲೆಯ ನೆನಪಾಗುವುದು ಸಹಜವೆಂದು ಭಾವಿಸುತ್ತೇನೆ. ಕನ್ನಡ ಮಾಧ್ಯಮದ ತರಗತಿಗಳಲ್ಲಿ ಬೆಂಚುಗಳು ಖಾಲಿಯಾಗುತ್ತಿದ್ದ ವರ್ಷಗಳಲ್ಲಿ, ಬೇರೆಡೆ ಹೋಗುವ ಅವಕಾಶವಿದ್ದೂ ಹೋಗದೆ ಉಳಿದ ಅಧ್ಯಾಪಕರು ನಮ್ಮಲ್ಲಿದ್ದರು. ರಜೆಯ ದಿನಗಳಲ್ಲಿ ಮನೆಮನೆಗೆ ನಡೆದು, ತಂದೆತಾಯಂದಿರೊಡನೆ ಮಾತನಾಡಿ, ಒಂದನೆಯ ತರಗತಿಗೆ ಮಕ್ಕಳನ್ನು ಕೂಡಿಸಿದರು. ಅವರ ಹೆಸರುಗಳನ್ನು ಇಲ್ಲಿ ಬರೆದರೆ ಅವರೇ ಸಂಕೋಚಪಡುವರು. ಆ ಕಾಲದಲ್ಲಿ ತರಗತಿಯೊಂದು ಮುಚ್ಚಿದ್ದರೆ ಅದು ಕಡತಗಳಲ್ಲಿ ದಾಖಲಾಗುತ್ತಿತ್ತು. ಮುಚ್ಚಲಿಲ್ಲ, ಆದ್ದರಿಂದ ಯಾವ ದಾಖಲೆಯೂ ಇಲ್ಲ.

ಪುನಃ ಆಟಕ್ಕೆ ಬರೋಣ. 1987ರಲ್ಲಿ ಅರೀಗೊ ಸಾಕಿ ಎಂಬ ತರಬೇತುದಾರ ಮಿಲಾನ್‌ಗೆ ಬಂದ. ಅಲ್ಲಿಯವರೆಗೆ ಇಟಲಿಯಲ್ಲಿ ರಕ್ಷಣೆ ಎಂದರೆ ಗೋಲಿನ ಮುಂದೆ ಗುಂಪಾಗಿ ನಿಲ್ಲುವುದು. ಎಲ್ಲರಿಗಿಂತ ಹಿಂದೆ 'ಲಿಬೆರೊ' ಎಂಬೊಬ್ಬ ಸ್ವತಂತ್ರ ಆಟಗಾರ, ಇತರರಿಂದ ತಪ್ಪಿಸಿಕೊಂಡು ಬಂದುದನ್ನು ಗುಡಿಸಿಹಾಕುವವನು. ಬರೇಸಿ ಬೆಳೆದದ್ದು ಆ ಸ್ಥಾನದಲ್ಲಿಯೇ. ಸಾಕಿ ಅದನ್ನು ತಲೆಕೆಳಗು ಮಾಡಿದ. ತಸೋಟಿ, ಕೊಸ್ತಕೂರ್ತ, ಬರೇಸಿ, ಮಾಲ್ದೀನಿ ಈ ನಾಲ್ವರೂ ಒಂದೇ ಗೆರೆಯಲ್ಲಿ ನಿಂತು, ಹಿಂದಕ್ಕೆ ಸರಿಯುವ ಬದಲು ಮುಂದಕ್ಕೆ ನಡೆಯಬೇಕು. ಎದುರಾಳಿಯು ಚೆಂಡನ್ನು ಮುಂದಕ್ಕೆ ಕಳುಹಿಸುವ ಕ್ಷಣಕ್ಕೆ ಸರಿಯಾಗಿ ನಾಲ್ವರೂ ಒಂದು ಹೆಜ್ಜೆ ಮೇಲೇರಿದರೆ, ಅವನ ಫಾರ್ವರ್ಡ್ ಅವರ ಬೆನ್ನ ಹಿಂದೆ ಸಿಕ್ಕಿ 'ಆಫ್‌ಸೈಡ್' ಆಗುತ್ತಾನೆ. ಒಬ್ಬ ಅರ್ಧ ಹೆಜ್ಜೆ ತಡಮಾಡಿದರೂ ಎಲ್ಲವೂ ಕೆಟ್ಟಿತು. ಆ ಹೆಜ್ಜೆಯ ಗಳಿಗೆಯನ್ನು ನಿರ್ಣಯಿಸುತ್ತಿದ್ದವನು ಬರೇಸಿ. ಬಲಗೈಯನ್ನು ಮೇಲೆತ್ತಿ ರೇಖಾಧಿಕಾರಿಯ ಕಡೆಗೆ ನೋಡುವ ಅವನ ಭಂಗಿ ಇಟಲಿಯಲ್ಲಿ ಮಕ್ಕಳಿಗೂ ಗೊತ್ತಿತ್ತು.

ರಕ್ಷಣೆ ಎಂದರೆ ಗೋಡೆ ಎಂದು ತಿಳಿದವರು ಈ ಆಟವನ್ನು ಒಮ್ಮೆಯಾದರೂ ನೋಡಬೇಕು. ಗಡಿನಾಡಿನವರಾದ ನಾವು ಆ ಶಬ್ದವನ್ನು ಸಭೆಗಳಲ್ಲಿ ಧಾರಾಳವಾಗಿ ಬಳಸುತ್ತೇವೆ. ಬಳಸುವಾಗ ನಮ್ಮ ಮನಸ್ಸಿನಲ್ಲಿರುವುದು ಹೆಚ್ಚಾಗಿ ಗೋಡೆಯೇ. ಇದು ವಿಷಯಾಂತರವಾಯಿತು, ಬಿಡೋಣ.

ಫಲ ಏನಾಯಿತು? 1988ರಲ್ಲಿ ಮಿಲಾನ್ ಚಾಂಪಿಯನ್ ಆಯಿತು; ಮೂವತ್ತು ಪಂದ್ಯಗಳಲ್ಲಿ ಅದು ಬಿಟ್ಟುಕೊಟ್ಟದ್ದು ಹದಿನಾಲ್ಕೇ ಗೋಲು. 1989 ಮತ್ತು 1990ರಲ್ಲಿ ಎರಡು ಬಾರಿ ಯೂರೋಪಿನ ಕಪ್ ಗೆದ್ದಿತು. ಸಾಕಿಯ ಅನಂತರ ಬಂದ ಫಾಬಿಯೊ ಕಪೆಲ್ಲೊನ ಕಾಲದಲ್ಲಿ, 1993-94ರಲ್ಲಿ, ಮೂವತ್ತನಾಲ್ಕು ಪಂದ್ಯಗಳಲ್ಲಿ ಬರೇ ಮೂವತ್ತಾರು ಗೋಲು ಹೊಡೆದು ಅದೇ ತಂಡ ಚಾಂಪಿಯನ್ ಆಯಿತು. ಪಂದ್ಯಕ್ಕೊಂದು ಗೋಲಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಅದು ಬಿಟ್ಟುಕೊಟ್ಟದ್ದು ಹದಿನೈದು. ಆ ವರ್ಷದ ಪ್ರಶಸ್ತಿಯನ್ನು ಗೆದ್ದವರು ಮುಂದಿನವರೋ ಹಿಂದಿನವರೋ ಎಂದು ಯಾರಾದರೂ ಕೇಳಿದರೆ ನಾನು ಈ ಎರಡು ಸಂಖ್ಯೆಗಳನ್ನು ತೋರಿಸುವೆ.

ಇದಕ್ಕೊಂದು ಆಕ್ಷೇಪವಿದೆ, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. 1994ರ ಮೇ ತಿಂಗಳಲ್ಲಿ ಅಥೆನ್ಸ್‌ನಲ್ಲಿ ನಡೆದ ಯೂರೋಪಿನ ಅಂತಿಮ ಪಂದ್ಯಕ್ಕೆ ಬರೇಸಿಯೂ ಕೊಸ್ತಕೂರ್ತನೂ ಅಮಾನತಾಗಿದ್ದರು. ಎದುರಾಳಿ ಬಾರ್ಸಿಲೋನಾ, ಅಲ್ಲಿಯೂ ಇದೇ ರೊಮಾರಿಯೊ. ಮಿಲಾನ್ ಸೋಲುವುದೆಂದು ತಿಳಿದವರೇ ಹೆಚ್ಚು. ಮಿಲಾನ್ 4-0ರಿಂದ ಗೆದ್ದಿತು. ಹಾಗಾದರೆ ಬರೇಸಿ ಇಲ್ಲದೆಯೂ ನಡೆಯುತ್ತಿತ್ತಲ್ಲ ಎನ್ನಬಹುದು. ನನಗೆ ಹಾಗೆ ತೋರುವುದಿಲ್ಲ. ಅಂದು ನಡುವೆ ನಿಂತು ಗೆರೆಯನ್ನು ಕಾದವನು ಮಾಲ್ದೀನಿ. ಹದಿನಾರರ ಹರೆಯದಲ್ಲಿ ತಂಡಕ್ಕೆ ಬಂದು, ಸುಮಾರು ಹತ್ತು ವರ್ಷ ಬರೇಸಿಯ ಪಕ್ಕದಲ್ಲಿಯೇ ಆಡಿ ಆ ಹೆಜ್ಜೆಯನ್ನು ಕಲಿತವನು. ಗುರು ರಜೆಯಲ್ಲಿದ್ದ ದಿನ ಹುಡುಗರು ತರಗತಿಯನ್ನು ಸದ್ದಿಲ್ಲದೆ ನಡೆಸಿಕೊಂಡರೆ ಗುರು ಅನಾವಶ್ಯಕನೆಂದು ಯಾವ ಮುಖ್ಯೋಪಾಧ್ಯಾಯರೂ ವರದಿ ಬರೆಯುವುದಿಲ್ಲ.

ಜಗತ್ತಿನ ಲೆಕ್ಕವೂ ನಮ್ಮ ಬೀರುವಿನ ಲೆಕ್ಕಕ್ಕಿಂತ ಬಹಳ ಭಿನ್ನವೇನಲ್ಲ. ಶ್ರೇಷ್ಠ ಆಟಗಾರನಿಗೆ ಕೊಡುವ 'ಚಿನ್ನದ ಚೆಂಡು' ಪ್ರಶಸ್ತಿಯು 1956ರಲ್ಲಿ ಆರಂಭವಾಯಿತು. ಇದುವರೆಗೆ ಅದನ್ನು ಪಡೆದ ರಕ್ಷಣೆಯ ಆಟಗಾರರು ಬೆಕೆನ್‌ಬವರ್, ಸಾಮರ್, ಕನ್ನವಾರೊ ಎಂಬ ಮೂವರೇ. 1989ರಲ್ಲಿ ಬರೇಸಿಗೆ ಎರಡನೆಯ ಸ್ಥಾನ ದೊರೆಯಿತು. ಮೊದಲನೆಯದು ಗೋಲು ಹೊಡೆಯುವ ವಾನ್ ಬಾಸ್ಟನ್‌ಗೆ. ನಮ್ಮ ದೇಶದಲ್ಲಿಯೂ ಹಾಗೆಯೇ. ಜರ್ನೈಲ್ ಸಿಂಗ್ ಭಾರತ ಕಂಡ ಮಹಾನ್ ರಕ್ಷಣಾ ಆಟಗಾರ. ಆದರೆ ಅವನ ವಿಷಯ ಬಂದಾಗ ಎಲ್ಲರೂ ಹೇಳುವುದು 1962ರ ಜಕಾರ್ತಾ ಏಷ್ಯಾ ಕ್ರೀಡಾಕೂಟದ ಸಂಗತಿಯನ್ನು: ತಲೆಗೆ ಹೊಲಿಗೆ ಹಾಕಿಸಿಕೊಂಡಿದ್ದ ಅವನನ್ನು ಮುಂದಿನ ಸಾಲಿನಲ್ಲಿ ಆಡಿಸಿದ್ದು, ದಕ್ಷಿಣ ಕೊರಿಯದ ಎದುರಿನ ಅಂತಿಮ ಪಂದ್ಯದಲ್ಲಿ ಅವನು ಗೋಲು ಹೊಡೆದದ್ದು, ಭಾರತ 2-1ರಿಂದ ಚಿನ್ನ ಗೆದ್ದದ್ದು. ಹಿಂದೆ ನಿಂತು ಅವನು ಮಾಡಿದ ವರ್ಷಗಟ್ಟಲೆಯ ಕೆಲಸ ಆ ಒಂದು ಗೋಲಿನ ಅಡಿಯಲ್ಲಿ ಹೂತುಹೋಗಿದೆ.

ಬರೇಸಿ ಆಟ ನಿಲ್ಲಿಸಿದ್ದು 1997ರಲ್ಲಿ, ಮೂವತ್ತೇಳನೆಯ ವಯಸ್ಸಿನಲ್ಲಿ. ಇಪ್ಪತ್ತು ಋತುಗಳು, ಒಂದೇ ಕ್ಲಬ್ಬು, 719 ಪಂದ್ಯಗಳು, ಆರು ಇಟಲಿಯ ಪ್ರಶಸ್ತಿಗಳು. ರಾಷ್ಟ್ರದ ಪರವಾಗಿ ಆಡಿದ 81 ಪಂದ್ಯಗಳಲ್ಲಿ ಅವನು ಹೊಡೆದದ್ದು ಒಂದೇ ಗೋಲು. ಅವನ ಆರನೆಯ ಸಂಖ್ಯೆಯ ಅಂಗಿಯನ್ನು ಇನ್ನು ಯಾರಿಗೂ ಕೊಡಬಾರದೆಂದು ಕ್ಲಬ್ಬು ತೀರ್ಮಾನಿಸಿತು. ಲೆಕ್ಕಕ್ಕೆ ಸಿಗದ ಕೆಲಸವನ್ನು ಗೌರವಿಸಲು ಅವರಿಗೆ ಹೊಳೆದ ಉಪಾಯ ಒಂದು ಸಂಖ್ಯೆಯನ್ನು ಖಾಲಿ ಬಿಡುವುದಾಗಿತ್ತು.

ನಮ್ಮದು ಅಷ್ಟು ದೊಡ್ಡ ಕ್ಲಬ್ಬಲ್ಲ. ಖಾಲಿ ಬಿಡಲು ನಮ್ಮಲ್ಲಿ ಹೆಚ್ಚುವರಿ ಅಂಗಿಗಳೂ ಇಲ್ಲ. ಆದರೂ ಹಳೆ ವಿದ್ಯಾರ್ಥಿ ಸಂಘದ ಮುಂದೆ ಒಂದು ಸೂಚನೆಯನ್ನು ಇಡುತ್ತಿದ್ದೇನೆ. ಈ ವರ್ಷದಿಂದ ಶಾಲೆಯ ವಾರ್ಷಿಕೋತ್ಸವದಲ್ಲಿ ರಕ್ಷಣೆಯ ಆಟಗಾರನಿಗೂ ಒಂದು ಬಟ್ಟಲು ಇರಲಿ. ಈಗ ಹೆಣ್ಣುಮಕ್ಕಳ ತಂಡವೂ ಇರುವುದರಿಂದ ಎರಡಿರಲಿ. ಮೊದಲ ಐದು ವರ್ಷಗಳ ಖರ್ಚನ್ನು ನಾನು ವಹಿಸಿಕೊಳ್ಳುತ್ತೇನೆ. ಯೋಗ್ಯರನ್ನು ಆರಿಸುವುದು ಹೇಗೆಂದು ನಮ್ಮ ವ್ಯಾಯಾಮ ಶಿಕ್ಷಕರು ಕೇಳಿದರು. ಗೋಲಿನಂತೆ ಇದನ್ನು ಎಣಿಸಲಾಗದು, ನಿಜ. ತೀರ್ಪುಗಾರರನ್ನು ಕೇಳುವುದು ಬೇಡ, ನಮ್ಮಂಥ ಪ್ರೇಕ್ಷಕರನ್ನಂತೂ ಬೇಡವೇ ಬೇಡ. ಪ್ರತಿ ಪಂದ್ಯ ಮುಗಿದೊಡನೆ ಎದುರು ತಂಡದ ಫಾರ್ವರ್ಡ್‌ಗಳನ್ನು ಕರೆದು, ಇಂದು ನಿಮಗೆ ಅತ್ಯಂತ ಉಪದ್ರವ ಕೊಟ್ಟವರು ಯಾರು ಎಂದು ಕೇಳಿ ಒಂದು ಪುಸ್ತಕದಲ್ಲಿ ಬರೆದಿಡಬೇಕು. ಆ ಪುಸ್ತಕವನ್ನು ಕಳೆದ ವಾರವೇ ಕೊಂಡು ಶಾಲೆಗೆ ಕೊಟ್ಟಿದ್ದೇನೆ. ಪಾರಿತೋಷಕಗಳ ಬೀರುವಿನ ಕೆಳಗಿನ ಅರೆಯಲ್ಲಿದೆ.