ಜೋಯಿಸರ ಒಂದು ಸೇರು

ಶ್ರೀರಂಗಪಟ್ಟಣದ ಸುತ್ತಲ ಹಳ್ಳಿಗಳಲ್ಲಿ ಆಕಾಶದ ಲೆಕ್ಕ ಹಾಕುವವನಿಗೆ ಗೊತ್ತುಮಾಡಿದ್ದ ಸಂಬಳ ಒಂದು ಸೇರು ಧಾನ್ಯ. 1800ರಲ್ಲಿ ಈ ಸೀಮೆಗೆ ಬಂದ ಫ್ರಾನ್ಸಿಸ್ ಬುಕಾನನ್, ಕಣದಲ್ಲಿ 20 ಖಂಡುಗದ ರಾಶಿಯಿಂದ ಯಾರ್ಯಾರಿಗೆ ಎಷ್ಟು ಅಳೆದು ಕೊಡುತ್ತಾರೆ ಎಂಬುದನ್ನು ಬರೆದಿಟ್ಟಿದ್ದಾನೆ. ದೇವರಿಗೆ 5 ಸೇರು, ಕ್ಷೌರಿಕನಿಗೆ 2, ಮಡಿವಾಳನಿಗೆ 2, ಶಾನುಭೋಗನಿಗೆ 10, ಜೋಯಿಸನಿಗೆ 1. ಸರ್ಕಾರದ ಪಾಲು, ರೈತನ ಪಾಲು ಬೇರೆಯಾಗುವ ಮೊದಲೇ ಈ ಅಳತೆ ನಡೆಯುತ್ತಿತ್ತು. ಆದ್ದರಿಂದ ಇದನ್ನು ದಾನ ಎನ್ನಲಾಗದು. ಇದು ಹುದ್ದೆಗೆ ಸಲ್ಲುವ ಆಯ.

ಬಾರಾಬಲೂತಿಯ, ಅಂದರೆ ಹಳ್ಳಿಗೆ ದುಡಿಯುವ ಹನ್ನೆರಡು ಕಸುಬಿನವರ, ಪಟ್ಟಿಯಲ್ಲೂ ಜೋಯಿಸನ ಹೆಸರಿತ್ತು. ಬುಕಾನನ್ ಅವನನ್ನು ಭವಿಷ್ಯ ಹೇಳುವವನೆಂದು ಇಂಗ್ಲಿಷಿಗೆ ಇಳಿಸಿದ. ಆ ಅರ್ಧ ಅನುವಾದವನ್ನೇ ಇವತ್ತಿಗೂ ಕನ್ನಡ ಬರಹಗಳು ಹಿಂದಕ್ಕೆ ಕನ್ನಡಿಸಿಕೊಳ್ಳುತ್ತಿರುವುದು ಬೇಸರದ ಸಂಗತಿ. 1810ರಲ್ಲಿ ಮೈಸೂರಿನ ಇತಿಹಾಸ ಬರೆದ ವಿಲ್ಕ್ಸ್ ಇನ್ನಷ್ಟು ಸರಿಯಾಗಿ ಕಂಡಿದ್ದ. ಬಿತ್ತನೆ, ಕೊಯ್ಲುಗಳ ಕಾಲ ಸಾರುವುದು ಜೋಯಿಸನ ಅಗತ್ಯದ ಕೆಲಸ, ಶುಭಾಶುಭ ಹೇಳುವುದು ಅದರ ಮೇಲಿನದು ಎಂಬುದು ಅವನ ವಿವರಣೆ.

ರಾಜರ ಆಸ್ಥಾನದಲ್ಲಿ ಈ ಹುದ್ದೆ ಇನ್ನೂ ಹಳೆಯದು. ಅದಕ್ಕೆ ಗಟ್ಟಿಯಾದ ದಾಖಲೆ ಚಾಳೀಸಗಾಂವ್ ಹತ್ತಿರದ ಪಾಟಣದ ಶಾಸನ. ಭಾಸ್ಕರಾಚಾರ್ಯರ ಮಗ ಲಕ್ಷ್ಮೀಧರನನ್ನು ಸೇವುಣ ದೊರೆ ಜೈತ್ರಪಾಲ ಕರೆಸಿಕೊಂಡು ವಿದ್ವಾಂಸರಿಗೆಲ್ಲ ಮುಖ್ಯಸ್ಥನನ್ನಾಗಿ ಮಾಡಿದ. ಲಕ್ಷ್ಮೀಧರನ ಮಗ ಚಾಂಗದೇವ ಅದೇ ವಂಶದ ದೊರೆ ಸಿಂಘಣನ ಆಸ್ಥಾನದಲ್ಲಿ ಹಿರಿಯ ದೈವಜ್ಞನಾದ. ಚಾಂಗದೇವ ತನ್ನ ಅಜ್ಜನ ಸಿದ್ಧಾಂತ ಶಿರೋಮಣಿ ಮೊದಲಾದ ಗ್ರಂಥಗಳ ಪಾಠಕ್ಕೆಂದೇ ಒಂದು ಮಠ ಕಟ್ಟಿಸಿದ. ಅದಕ್ಕೆ ನಿಕುಂಭ ವಂಶದ ಸೋಯಿದೇವ 1207ರ ಆಗಸ್ಟ್ 9ರಂದು, ಚಂದ್ರಗ್ರಹಣದ ಹೊತ್ತಿನಲ್ಲಿ, ದತ್ತಿ ಬಿಟ್ಟ. ಅದೇ ಮನೆತನದ ಇನ್ನೊಂದು ಕವಲಿನ ಅನಂತದೇವನೂ ಸಿಂಘಣನ ದೈವಜ್ಞನೇ. ಅವನ ಬಹಾಳ ಶಾಸನದ ಕಾಲ 1222. ಒಂದೇ ಮನೆತನ ತಲೆತಲೆಮಾರಿಗೂ ಒಂದೇ ರಾಜವಂಶದ ಆಶ್ರಯದಲ್ಲಿ ಗಣಿತ ಕಲಿಸಿದ ಇಂಥ ಸಾಕ್ಷ್ಯ ಅಪರೂಪ.

ಇಂಗ್ಲೆಂಡಿನಲ್ಲಿ ಇಂಥದೇ ಹುದ್ದೆ, ರಾಜಖಗೋಳಜ್ಞನ ಪದವಿ, ಬಂದದ್ದು 1675ರಲ್ಲಿ. ಎರಡನೆಯ ಚಾರ್ಲ್ಸ್ ದೊರೆ ಜಾನ್ ಫ್ಲ್ಯಾಮ್‌ಸ್ಟೀಡ್‌ನನ್ನು ವರ್ಷಕ್ಕೆ 100 ಪೌಂಡ್ ಸಂಬಳದ ಮೇಲೆ ನೇಮಿಸಿ ಗ್ರೀನಿಚ್‌ನಲ್ಲಿ ವೀಕ್ಷಣಾಲಯ ಕಟ್ಟಿಸಿಕೊಟ್ಟ. ಉಪಕರಣ ಮಾತ್ರ ಕೊಡಲಿಲ್ಲ. ಗೋಡೆಗೆ ಕೂರಿಸಿದ ದೊಡ್ಡ ಚಾಪಯಂತ್ರವನ್ನು ಫ್ಲ್ಯಾಮ್‌ಸ್ಟೀಡ್ ಕೈಯಿಂದ ಹಣ ಹಾಕಿ ಮಾಡಿಸಿಕೊಂಡ. 1719ರಲ್ಲಿ ಅವನು ತೀರಿಕೊಂಡ ಮೇಲೆ ಹೆಂಡತಿ ಮಾರ್ಗರೆಟ್ ಎಲ್ಲವನ್ನೂ ಸಾಗಿಸಿದಳು. ಮುಂದೆ ಬಂದ ಹ್ಯಾಲಿಗೆ ಸಿಕ್ಕಿದ್ದು ಬರಿದಾದ ಕೋಣೆಗಳು. 1972ರಿಂದ ಈ ಪದವಿಗೂ ವೀಕ್ಷಣಾಲಯದ ಆಡಳಿತಕ್ಕೂ ಸಂಬಂಧವಿಲ್ಲ. 2025ರಲ್ಲಿ ಮಿಷೆಲ್ ಡೌರ್ಟಿ ಈ ಪದವಿಗೆ ಬಂದ ಮೊದಲ ಮಹಿಳೆಯಾದರು.

ನೂರು ಪೌಂಡಿಗೂ ಒಂದು ಸೇರಿಗೂ ಇರುವ ಅಂತರ ಕಣ್ಣಿಗೆ ಹೊಡೆಯುವಂಥದ್ದೇ. ಆದರೆ ವಿಷಯದ ತಿರುಳು ಸಂಬಳದಲ್ಲಿಲ್ಲ, ನೇಮಕದ ಆದೇಶದಲ್ಲಿದೆ. ಫ್ಲ್ಯಾಮ್‌ಸ್ಟೀಡ್‌ಗೆ ಕೊಟ್ಟ ಆದೇಶ, ಗ್ರಹಗತಿಯ ಕೋಷ್ಟಕಗಳನ್ನೂ ನಕ್ಷತ್ರಗಳ ಸ್ಥಾನಗಳನ್ನೂ ತಿದ್ದಬೇಕು ಎನ್ನುತ್ತದೆ. ಹಡಗಿನವರಿಗೆ ನಡುಗಡಲಿನಲ್ಲಿ ರೇಖಾಂಶ ತಿಳಿಯಬೇಕಾಗಿತ್ತು, ಹಳೆಯ ಕೋಷ್ಟಕಗಳು ಅದಕ್ಕೆ ಸಾಲುತ್ತಿರಲಿಲ್ಲ. ಚಾಂಗದೇವನ ಮಠಕ್ಕೆ ಬಿಟ್ಟ ದತ್ತಿ ಪಾಠ ಹೇಳುವುದಕ್ಕೆ, ಜೋಯಿಸನಿಗೆ ಅಳೆದ ಸೇರು ಕಾಲ ಸಾರುವುದಕ್ಕೆ. ಹಾಗಾದರೆ ತಿದ್ದುವ ಹೊಣೆ ಯಾರದಾಗಿತ್ತು?

ಶ್ರೀರಂಗಪಟ್ಟಣದಲ್ಲೇ ಒಮ್ಮೆ ಪಂಚಾಂಗಕ್ಕೆ ರಾಜಾಜ್ಞೆ ಕೈ ಹಾಕಿತ್ತು. 1780ರ ದಶಕದಲ್ಲಿ ಟಿಪ್ಪು ಸುಲ್ತಾನ್ ಹೊಸ ಕಾಲಗಣನೆ ತಂದ. ತಿಂಗಳುಗಳಿಗೆ ಅಹಮದಿ, ಬಹಾರಿ ಮೊದಲಾದ ಹೆಸರು ಬಂದವು, ಅರವತ್ತು ಸಂವತ್ಸರಗಳ ಹೆಸರೂ ಬದಲಾದವು. ಆದರೂ ಅಹಮದಿ ಕೂತದ್ದು ಚೈತ್ರದ ಜಾಗದಲ್ಲೇ, ಅರವತ್ತರ ಚಕ್ರವೂ ಅಧಿಕಮಾಸವೂ ಉಳಿದವು. ಹೆಸರುಗಳ ಅಡಿಯಲ್ಲಿ ಚಾಂದ್ರಸೌರ ಗಣಿತ ಮುಂಚಿನಂತೆಯೇ ನಡೆಯಿತು.

ತಿದ್ದದೆ ಬಿಟ್ಟರೆ ಏನಾಗುತ್ತದೆ ಎಂಬುದನ್ನು ಬಿಂಡಿಗನವಿಲೆ ಹೋಬಳಿಯ ರಾಗಿಹೊಲದಲ್ಲಿ ನಿಂತು ನೋಡಬಹುದು. ಯುಗಾದಿಯ ದಿನ ಗುಡಿಯಲ್ಲಿ ಪಂಚಾಂಗ ಓದುತ್ತಾರೆ. ವರ್ಷದ ಮೊದಲ ಉಳುಮೆಯ ಹೊನ್ನಾರು ಕಟ್ಟುವ ದಿನ ಗೊತ್ತಾಗುತ್ತದೆ, ರೋಹಿಣಿ, ಮೃಗಶಿರ, ಆರಿದ್ರಾ ಎಂದು ಮಳೆಗಳ ಸರದಿ ಕಿವಿಗೆ ಬೀಳುತ್ತದೆ. ಸೂರ್ಯ ಒಂದು ನಕ್ಷತ್ರದಲ್ಲಿರುವ ಹದಿಮೂರು ಹದಿನಾಲ್ಕು ದಿನವೇ ಒಂದು ಮಳೆ. ಆದರೆ ನಕ್ಷತ್ರದಿಂದ ನಕ್ಷತ್ರಕ್ಕೆ ಎಣಿಸುವ ವರ್ಷ ಋತುಗಳ ವರ್ಷಕ್ಕಿಂತ ಸುಮಾರು 20 ನಿಮಿಷ ಉದ್ದ. ಈಗ ಆರಿದ್ರಾ ಹುಟ್ಟುವುದು ಜೂನ್ 22ರ ಸುಮಾರಿಗೆ. ಬುಕಾನನ್ ಕಣದಲ್ಲಿ ಸೇರು ಎಣಿಸಿದ ವರ್ಷ ಅದು ಮೂರು ದಿನಕ್ಕೂ ಹೆಚ್ಚು ಮೊದಲೇ ಹುಟ್ಟಿರಬೇಕು. ಚಾಂಗದೇವನ ಕಾಲಕ್ಕೆ ಹೋದರೆ ಅಂತರ ಹನ್ನೊಂದು ದಿನ ದಾಟುತ್ತದೆ. ಎಂಟು ಶತಮಾನಗಳಲ್ಲಿ ಹೆಚ್ಚುಕಡಿಮೆ ಒಂದು ಇಡೀ ಮಳೆಯೇ ಸರಿದಿದೆ. ಈ ಚಲನೆ ಇಲ್ಲಿನವರಿಗೆ ತಿಳಿಯದ್ದೇನಲ್ಲ. ಅಯನಚಲನದ ವಿಚಾರ ಭಾಸ್ಕರಾಚಾರ್ಯರ ಗ್ರಂಥದಲ್ಲೇ ಇದೆ. ವಿದ್ಯೆ ಇತ್ತು, ಅದನ್ನು ಹಳ್ಳಿಯ ಮಳೆಲೆಕ್ಕಕ್ಕೆ ಇಳಿಸಬೇಕೆಂಬ ಆದೇಶ ಯಾರ ಕೈಯಲ್ಲೂ ಇರಲಿಲ್ಲ.

ಅಂಥ ಆದೇಶ ಹೊರಟದ್ದು ರಾಜರ ಕಾಲ ಮುಗಿದ ಮೇಲೆ. 1952ರಲ್ಲಿ ಭಾರತ ಸರ್ಕಾರ ಮೇಘನಾದ ಸಾಹಾ ಅವರ ಅಧ್ಯಕ್ಷತೆಯಲ್ಲಿ ಪಂಚಾಂಗ ಸುಧಾರಣಾ ಸಮಿತಿಯನ್ನು ನೇಮಿಸಿತು. 1955ರಲ್ಲಿ ವರದಿ ಬಂತು. ಋತುವರ್ಷಕ್ಕೆ ಹೊಂದಿಸಿದ ರಾಷ್ಟ್ರೀಯ ಪಂಚಾಂಗ 1957ರ ಮಾರ್ಚ್ 22ರಂದು, ಶಕ 1879ರ ಚೈತ್ರ 1ಕ್ಕೆ, ಜಾರಿಯಾಯಿತು. ಅದರ ಗಣಿತ ಈಗ ಕೋಲ್ಕತ್ತದ ಕೇಂದ್ರವೊಂದರಲ್ಲಿ ನಡೆಯುತ್ತದೆ, ಕನ್ನಡದಲ್ಲೂ ಅಚ್ಚಾಗುತ್ತದೆ. ಆಕಾಶವಾಣಿಯ ಸುದ್ದಿಗೂ ಸರ್ಕಾರದ ಗೆಜೆಟ್ಟಿಗೂ ಅದರ ತಾರೀಖು ಸೇರಿತು. ಆರಿದ್ರಾ ಮಳೆಯನ್ನು ಮಾತ್ರ ರೈತರು ಹಳೆಯ ನಕ್ಷತ್ರದ ಲೆಕ್ಕದಲ್ಲೇ ಕಾಯುತ್ತಾರೆ.