ಸರಕಾರವೂ ಒಬ್ಬ ಗಿರಾಕಿ

ನಮ್ಮ ಪಟ್ಟಣಗಳ ಸಣ್ಣ ಉದ್ಯಮಿಗಳು ಸರಕಾರವನ್ನು ಬಲ್ಲುದು ತೆರಿಗೆ ಕೇಳುವ, ಪರವಾನಿಗೆ ಪರಿಶೀಲಿಸುವ ಅಧಿಕಾರವಾಗಿ ಮಾತ್ರ. ಅದೇ ಸರಕಾರವು ಸಮವಸ್ತ್ರ, ಪೀಠೋಪಕರಣ, ಬಿಡಿಭಾಗ, ಮುದ್ರಣ ಸಾಮಗ್ರಿಗಳನ್ನು ಕೊಳ್ಳುವ ಬಹುದೊಡ್ಡ ಗಿರಾಕಿಯೂ ಹೌದು ಎಂಬುದನ್ನು ನಾವು ಮರೆತೇ ಬಿಟ್ಟಿದ್ದೇವೆ. ಕೇಂದ್ರದ ಖರೀದಿ ಎಂದರೆ ದಿಲ್ಲಿಯ ವ್ಯವಹಾರವೆಂದು ಭಾವಿಸಬೇಕಿಲ್ಲ. ಹುಬ್ಬಳ್ಳಿಯ ನೈರುತ್ಯ ರೈಲ್ವೆ, ಬೆಂಗಳೂರಿನ ಎಚ್‌ಎಎಲ್ ಮತ್ತು ಬಿಇಎಲ್, ನವಮಂಗಳೂರು ಬಂದರು ಇವೆಲ್ಲವೂ ಕೇಂದ್ರಕ್ಕೆ ಸೇರಿದವುಗಳೇ.

2012ರ ಸಾರ್ವಜನಿಕ ಖರೀದಿ ನೀತಿಯು ಅತಿಸಣ್ಣ ಮತ್ತು ಸಣ್ಣ ಉದ್ಯಮಗಳಿಗೆ ಇಲ್ಲಿ ಪಾಲನ್ನು ನೀಡಿದೆ. 2018ರ ತಿದ್ದುಪಡಿಯ ಬಳಿಕ ಕೇಂದ್ರದ ಇಲಾಖೆಗಳು ಮತ್ತು ಉದ್ದಿಮೆಗಳು ತಮ್ಮ ವಾರ್ಷಿಕ ಖರೀದಿಯ ಶೇ. 25ನ್ನು ಇವುಗಳಿಂದ ಪಡೆಯಬೇಕು. ಅದರೊಳಗೆ ಶೇ. 4 ಪರಿಶಿಷ್ಟರ ಉದ್ಯಮಗಳಿಗೆ, ಶೇ. 3 ಮಹಿಳೆಯರ ಉದ್ಯಮಗಳಿಗೆ. ಟೆಂಡರ್ ಪತ್ರ ಉಚಿತ. ಮುಂಗಡ ಠೇವಣಿ ಇಲ್ಲ. ದೊಡ್ಡ ಕಂಪೆನಿಯ ಕನಿಷ್ಠ ದರಕ್ಕಿಂತ ಶೇ. 15ರೊಳಗಿನ ಹೆಚ್ಚಳದಲ್ಲಿ ನಮ್ಮ ದರವಿದ್ದರೆ, ಆ ಕನಿಷ್ಠ ದರಕ್ಕೆ ಒಪ್ಪಿ ಒಂದು ಪಾಲನ್ನು ಪೂರೈಸುವ ಅವಕಾಶವೂ ಇದೆ. ಆದರೆ ಈ ಪಾಲು ತಯಾರಕರಿಗೆ ಮತ್ತು ಸೇವೆ ನೀಡುವವರಿಗೆ ಮಾತ್ರ. ಕೊಂಡು ಮಾರುವ ವರ್ತಕರಿಗಲ್ಲ.

ಪ್ರವೇಶಕ್ಕೆ ಬೇಕಾದದ್ದು ಉದ್ಯಮ್ ನೋಂದಣಿ ಮತ್ತು 2016ರಲ್ಲಿ ಆರಂಭವಾದ 'ಜೆಮ್' ಎಂಬ ಸರಕಾರಿ ಅಂತರ್ಜಾಲ ಮಾರುಕಟ್ಟೆಯಲ್ಲಿ ಖಾತೆ. ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ. ದಲ್ಲಾಳಿಗಳ ಕೈ ಬಿಸಿ ಮಾಡುವ ಅಗತ್ಯವೇ ಇಲ್ಲ. ಆದರೆ ಪ್ಯಾನ್, ಜಿಎಸ್‌ಟಿ, ಲೆಕ್ಕಪತ್ರಗಳು ಸರಿಯಾಗಿರಬೇಕು. ಬಾಯಿಮಾತಿನ ವ್ಯಾಪಾರಕ್ಕೆ ಒಗ್ಗಿಹೋದ ನಾವು ಎಡವುವುದು ಇಲ್ಲಿಯೇ. ಮನೆಯ ವಿದ್ಯಾವಂತ ಮಕ್ಕಳು ವಾರಕ್ಕೊಂದು ದಿನ ಇದಕ್ಕಾಗಿ ಕುಳಿತರೆ ಸಾಲದೇ?

ಹಾಗೆಂದು ದೋಷವೆಲ್ಲವೂ ನಮ್ಮದೇ ಅಲ್ಲ. 2025ರ ಎಪ್ರಿಲ್‌ನಿಂದ 100 ಕೋಟಿ ರೂ. ವಹಿವಾಟಿನವರೆಗಿನ ಉದ್ಯಮವೂ 'ಸಣ್ಣ' ಎನಿಸಿಕೊಳ್ಳುತ್ತದೆ. ನಾಲ್ಕು ಹೊಲಿಗೆ ಯಂತ್ರಗಳ ಘಟಕವು ಅದೇ ಶೇ. 25ಕ್ಕಾಗಿ ಅಂಥವರೊಡನೆ ಸ್ಪರ್ಧಿಸಬೇಕು. ಇದು ನ್ಯಾಯವೇ? ಅತಿಸಣ್ಣ ಉದ್ಯಮಗಳಿಗೆ ಇದರೊಳಗೆ ಪ್ರತ್ಯೇಕ ಪಾಲು ನಿಗದಿಯಾಗದ ಹೊರತು ನೀತಿಯ ಫಲವು ತೀರಾ ಕೆಳಗಿನವರಿಗೆ ತಲುಪುವುದು ಕಷ್ಟ.

ಇನ್ನೊಂದು ಬಾಧೆ ಹಣ ಪಾವತಿಯ ವಿಳಂಬ. 2006ರ ಕಾನೂನಿನ ಪ್ರಕಾರ ಸರಕು ಸ್ವೀಕರಿಸಿದ 45 ದಿನಗಳೊಳಗೆ ಹಣ ಸಲ್ಲಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ರಾಜ್ಯದ ಸೌಲಭ್ಯ ಮಂಡಳಿಯಲ್ಲಿ ದೂರು ನೀಡಬಹುದು. ಮಂಡಳಿಯ ತೀರ್ಪನ್ನು ಪ್ರಶ್ನಿಸಬೇಕಾದರೆ ಖರೀದಿದಾರನು ಮೊದಲು ಶೇ. 75 ಮೊತ್ತವನ್ನು ಠೇವಣಿ ಇಡಬೇಕು. ಕಾನೂನು ಇಷ್ಟು ಬಲವಾಗಿದ್ದರೂ ಮುಂದಿನ ಬೇಡಿಕೆ ತಪ್ಪಿಹೋದೀತೆಂಬ ಭಯ ಬಡ ಪೂರೈಕೆದಾರನ ಬಾಯಿ ಕಟ್ಟುತ್ತದೆ. ಬಂಡವಾಳವಿಲ್ಲದವನಿಗೆ ಆರು ತಿಂಗಳ ಬಾಕಿಯೆಂದರೆ ಅಂಗಡಿ ಮುಚ್ಚುವ ಆಜ್ಞೆಯೇ ಸರಿ. ವಿಳಂಬಕ್ಕೆ ಬಡ್ಡಿಯನ್ನು ಪೂರೈಕೆದಾರ ಬೇಡುವ ಮೊದಲೇ ಇಲಾಖೆ ತಾನಾಗಿ ತೆರುವಂತಾಗಬೇಕು.

ಇದು ಯಾರೂ ನೀಡುವ ದಾನವಲ್ಲ, ಕಾನೂನು ನೀಡಿದ ಹಕ್ಕು. ಆದರೆ ಕೇಳದವನಿಗೆ ಹಕ್ಕು ತಾನಾಗಿ ಮನೆಬಾಗಿಲಿಗೆ ಬರುವುದಿಲ್ಲ. ಸರಕಾರ ತನ್ನ ಮಾತನ್ನು ಉಳಿಸಿಕೊಳ್ಳಲಿ. ನಾವು ನಮ್ಮ ಲೆಕ್ಕವನ್ನು ಸರಿಪಡಿಸಿಕೊಳ್ಳೋಣ.